ಮೇಜು ಹೊತ್ತವರ ಹೆಜ್ಜೆ

ನವೆಂಬರ್ ೧೪, ಗುರುವಾರ

ಹಳೇ ಮೇಜಿನ ಲೆಕ್ಕ ಇವತ್ತು ಕೊನೆಗೂ ತಾಳೆಯಾಯಿತು. ಆಗದಿದ್ದರೇ ಚೆನ್ನಾಗಿತ್ತು.

ಇಬ್ಬರು ಮೇಜು ಹೊರುವಾಗ ಯಾರ ಹೆಜ್ಜೆಗೆ ಯಾರು ಹೊಂದಿಕೊಳ್ಳುತ್ತಾರೆ ಎಂಬುದನ್ನು ಸಮೀಕರಣದಲ್ಲಿ ಹಿಡಿಯುವುದು ನನ್ನ ಕೆಲಸ. ಮೊದಲ ಪ್ರಯೋಗಕ್ಕೆ ಜನ ಸಿಗದೆ, ಹೆಜ್ಜೆ ದಾಖಲಿಸುವ ಸೆನ್ಸರ್ ಕಾಲಿಗೆ ಕಟ್ಟಿಕೊಂಡು ನಾನೂ ಗಂಡನೂ ಹೊತ್ತಿದ್ದೆವು. ಅವರು ಹಿಂದುಹಿಂದಕ್ಕೆ ನಡೆಯುತ್ತಿದ್ದರು. "ಸರಿಯಾಗಿ ಹೆಜ್ಜೆ ಹಾಕ್ರೀ" ಎಂದು ಉದ್ದಕ್ಕೂ ರೇಗಿದ್ದೆ. ಆಮೇಲೆ ಹನ್ನೊಂದು ವರ್ಷ ಮನೆಯಲ್ಲೂ ಅದೇ ಮಾತು: "ನೀವು ಯಾವುದಕ್ಕೂ ಹೊಂದ್ಕೊಳ್ಳಲ್ಲ." ಹೋದ ತಿಂಗಳು ಸಹಿ ಹಾಕಿ ಬೇರೆಯಾದೆವು.

ಲೆಕ್ಕ ಹೇಳುವುದಿಷ್ಟೇ. ನಾನು ತಡವರಿಸಿದಾಗಲೆಲ್ಲ ಅವರ ಹೆಜ್ಜೆ ನಿಧಾನವಾಗಿದೆ. ಅವರು ತಡವರಿಸಿದಾಗ ನನ್ನದು ಒಮ್ಮೆಯೂ ನಿಧಾನವಾಗಿಲ್ಲ.

"ಮೇಡಂ, ಇವರು ಎಷ್ಟು ಚೆನ್ನಾಗಿ ಹೊಂದ್ಕೋತಾರೆ," ಎಂದಳು ನನ್ನ ವಿದ್ಯಾರ್ಥಿನಿ, ಹೆಸರಿಲ್ಲದ ನಕ್ಷೆಯಲ್ಲಿ ಹಿಂದಕ್ಕೆ ನಡೆದವರ ಗೆರೆ ತೋರಿಸಿ. "ಇನ್ನೊಂದ್ಸಲ ಕರೆಸೋಣ್ವಾ?"

ನಂಬರು ಇಲ್ಲ ಎಂದುಬಿಟ್ಟೆ. ಬಾಯಿಪಾಠವಾಗಿರುವ ನಂಬರು. ಊಟವಾದ ಮೇಲೆ ಮೂರು ಸಲ ಒತ್ತಿದೆ, ಕೊನೆಯ ಅಂಕಿಯೊಂದನ್ನು ಬಿಟ್ಟು