ಇಲ್ವಾಳ ಪರವಾಗಿ ಇಬ್ಬರು

ಆಲ್‌ವಿಕೆನ್,
ಮಾರ್ಚ್ ೧೨, ಬುಧವಾರ

ಪ್ರೀತಿಯ ಇಲ್ವಾ,

ದೇವರ ಶಾಂತಿ ನಿನ್ನ ಮನೆಯಲ್ಲಿ ನೆಲೆಸಿರಲಿ ಎಂಬ ಪ್ರಾರ್ಥನೆಯೊಡನೆ ಆರಂಭಿಸುತ್ತೇನೆ. ಮುಂದಿನದನ್ನು ಓದಿದ ಮೇಲೆ ಆ ಶಾಂತಿ ನಿನಗೆ ಬೇಕಾದೀತು. ನಿನ್ನೆ ಬೆಳಿಗ್ಗೆ ಯೇವ್ಲೆಯ ಬಂದರು ಸಂಸ್ಥೆಯಿಂದ ನಿನ್ನ ವಿಷಯವಾಗಿ ನನಗೆ ಫೋನ್ ಬಂದಿತ್ತು. ನಾನು ಆಡಿದ ಮಾತಿನಿಂದ ನಿನಗೆ ಕೆಲಸ ತಪ್ಪಿಹೋದರೆ, ಅದರ ಕಾರಣವನ್ನು ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನ ಕೈಬರಹದಲ್ಲೇ ಓದುವುದು ನ್ಯಾಯ.

ಒಂಬತ್ತು ತಿಂಗಳಿಂದ ನೀನು ಕೆಲಸ ಹುಡುಕುತ್ತಿರುವೆ. ಕಾರ್ಖಾನೆಗಳು ಒಂದೊಂದಾಗಿ ಬಾಗಿಲೆಳೆದುಕೊಳ್ಳುತ್ತಿರುವ ಈ ಕಾಲದಲ್ಲಿ, ಜನರನ್ನು ಸೇರಿಸಿಕೊಳ್ಳುವುದೇ ನಿಂತ ಮೇಲೆ ಸೇರಿಸಿಕೊಳ್ಳುವ ಕಸುಬಿನವರು ಯಾರಿಗೆ ಬೇಕು? ಯೇವ್ಲೆಯ ಆ ಒಂದು ಸ್ಥಾನಕ್ಕೆ ಮುನ್ನೂರ ಹನ್ನೆರಡು ಅರ್ಜಿಗಳು ಬಂದವೆಂದೂ, ಇದೂ ತಪ್ಪಿದರೆ ಮಾನವ ಸಂಪನ್ಮೂಲದ ಕೆಲಸಕ್ಕೇ ಕೈಮುಗಿದುಬಿಡುವೆನೆಂದೂ ನೀನು ಬರೆದಿದ್ದೆ. ಆ ಕಡೆಯ ವಾಕ್ಯವನ್ನು ನಾನು ಮೂರು ಸಲ ಓದಿದೆ.

ನಿನ್ನ ಕಸುಬಿನ ಹೆಸರೇ ನನಗೆ ಇಂದಿಗೂ ಒಂದು ಕೌತುಕ. ನನ್ನ ಕಪಾಟಿನ ಹಳೆಯ ಪ್ರವಚನಕಾರರು ಮನುಷ್ಯನನ್ನು ಧೂಳೆಂದರು, ಹುಲ್ಲೆಂದರು, ಕುಂಬಾರನ ಕೈಯ ಜೇಡಿಯೆಂದರು, ಸಂಪನ್ಮೂಲವೆಂದವರನ್ನು ಕಾಣೆ. ಇನ್ನೊಂದನ್ನು ಕೇಳಬೇಕೆಂದು ಎಷ್ಟೋ ದಿನದಿಂದ ಹಿಂಜರಿಯುತ್ತಿದ್ದೇನೆ. ಕೊನೆಗೆ ಬಂದವರು ಮೊದಲು ಹೋಗಬೇಕೆಂಬ ನಿಯಮದಂತೆ ಕಾಗದದ ಕಾರ್ಖಾನೆಯಲ್ಲಿ ಕೆಲಸದಿಂದ ತೆಗೆಯುವವರ ಪಟ್ಟಿಯನ್ನು ತಯಾರಿಸಿದವಳು ನೀನೇ. ಅದರಲ್ಲಿ ನಿನ್ನ ಹೆಸರನ್ನು ಬರೆದದ್ದೂ ನೀನೇ. ಆ ಸಾಲಿಗೆ ಬಂದಾಗ ನಿಂತೆಯಾ, ಅಥವಾ ಉಳಿದವರ ಹೆಸರಿನಂತೆಯೇ ಅದನ್ನೂ ಬರೆದು ಮುಂದೆ ಹೋದೆಯಾ? ನಿನ್ನನ್ನು ನೋಯಿಸಲು ಕೇಳುತ್ತಿಲ್ಲ. ನಲವತ್ತು ವರ್ಷ ಚರ್ಚಿನ ವೇದಿಕೆಯ ಮೇಲೆ ನಿಂತು ಆತ್ಮಪರೀಕ್ಷೆಯನ್ನು ಬೋಧಿಸಿದವಳಿಗೆ, ಅದನ್ನು ನಿಜಕ್ಕೂ ಮಾಡಿದವರ ಅನುಭವ ತಿಳಿಯಬೇಕೆನಿಸುತ್ತದೆ.

ಇನ್ನು ಫೋನಿನ ವಿಷಯ. ಫೋನ್ ಮಾಡಿದಾಕೆಯ ಹೆಸರು ಬೋಡಿಲ್. ಮಾತಿನ ಧಾಟಿಯಿಂದ ದೇಶದ ದಕ್ಷಿಣ ತುದಿಯ ಸ್ಕೋನೆಯವಳು. ಆಕೆ ಪ್ರಶ್ನೆ ಆರಂಭಿಸುವ ಮೊದಲೇ ನಾನು ಆರಂಭಿಸಿದೆನೆಂದು ಒಪ್ಪಿಕೊಳ್ಳಬೇಕು.

‘ನಿಮ್ಮ ಜಾಹೀರಾತಲ್ಲಿ ಹೃದಯವಂತಿಕೆ ಇರ್ಬೇಕು ಅಂತ ಹಾಕಿದೀರಲ್ಲ, ಅದನ್ನ ಹೇಗೆ ಅಳೀತೀರಿ?’ ಎಂದೆ.

‘ಅಳೆಯೋಕೆ ಬರಲ್ಲ ಅಂತ್ಲೇ ನಿಮಗೆ ಫೋನ್ ಮಾಡಿರೋದು’ ಎಂದಳು.

ಆಯ್ಕೆಯಾಗದ ಮುನ್ನೂರ ಹನ್ನೊಂದು ಮಂದಿಗೆ ಯಾರು ಉತ್ತರ ಬರೆಯುತ್ತಾರೆ ಎಂದೆ. ಆಕೆಯ ಸ್ವಂತ ಕೆಲಸ ಭದ್ರವಾಗಿದೆಯೇ ಎಂದೂ ಕೇಳಿದೆ. ಅರ್ಜಿಯಲ್ಲಿ ವಿಚಾರಿಸಲು ಇಬ್ಬರ ಹೆಸರು ಕೊಡಬೇಕಂತೆ, ಒಬ್ಬರು ಹಿಂದಿನ ಮೇಲಧಿಕಾರಿ, ಅಂದರೆ ನಾನು, ಇನ್ನೊಬ್ಬರು ನಿನ್ನ ಕೆಲಸವನ್ನು ಹತ್ತಿರದಿಂದ ಕಂಡವರು. ಆ ಇನ್ನೊಬ್ಬರು ಯಾರೆಂದು ನೀನಂತೂ ಬರೆಯಲಿಲ್ಲ, ಆಕೆಯಾದರೂ ಹೇಳಬಾರದೇ ಎಂದೆ. ಆಗ ಆಕೆ ನಕ್ಕು, ‘ಅಮ್ಮಾ, ಕೆಲಸ ಕೇಳ್ತಿರೋದು ಇಲ್ವಾನಾ, ನೀವಾ?’ ಎಂದಳು.

ಬಳಿಕ ಆಕೆ ಕೇಳಿದ್ದು ಇದು: ‘ಕಷ್ಟದ ಮಾತನ್ನ ಎದುರಿಗೆ ಕೂತು ಆಡೋ ಧೈರ್ಯ ಅವಳಿಗಿದ್ಯಾ? ನೀವು ಕಣ್ಣಾರೆ ಕಂಡದ್ದು ಒಂದು ಹೇಳಿ.’

ಇಲ್ವಾ, ನಾನು ಕಂಡದ್ದು ಒಂದೇ. ಅದನ್ನು ಹೇಳಬೇಕಾದರೆ ನನ್ನನ್ನೂ ಹೇಳಿಕೊಳ್ಳಬೇಕು.

ಹನ್ನೊಂದು ವರ್ಷದ ಹಿಂದೆ ನೀನು ನಮ್ಮ ಚರ್ಚಿನ ಕಚೇರಿಯಲ್ಲಿ ರಜೆಯ ಲೆಕ್ಕ ಬರೆದುಕೊಂಡಿದ್ದ ಇಪ್ಪತ್ತಾರರ ಹುಡುಗಿ. ಎರಡು ಊರಿನ ಚರ್ಚುಗಳ ಆಡಳಿತ ಒಂದಾಗಿ, ಇಬ್ಬರು ಕೆಲಸಗಾರರಲ್ಲಿ ಒಬ್ಬನನ್ನು ಬಿಡಬೇಕಾಗಿ ಬಂತು. ಹತ್ತೊಂಬತ್ತು ವರ್ಷ ಗಂಟೆ ಬಾರಿಸಿದ, ಸಮಾಧಿಯ ಗುಂಡಿ ತೋಡಿದ, ಹಿಮ ಗೋರಿದ ನಮ್ಮ ಎವರ್ಟ್‌ಗಿಂತ ಪಕ್ಕದೂರಿನವನು ಎರಡು ವರ್ಷ ಹಳಬ, ಹಾಗಾಗಿ ನಿಯಮದಂತೆ ಹೋಗಬೇಕಾದವನು ಎವರ್ಟ್. ಈ ಸುದ್ದಿಯನ್ನು ಎವರ್ಟ್‌ನ ಎದುರು ಕೂತು ಹೇಳಬೇಕಾದವಳು ಮುಖ್ಯ ಪಾದ್ರಿಯಾಗಿದ್ದ ನಾನು. ಅಂದು ಬೆಳಿಗ್ಗೆ, ಶವಸಂಸ್ಕಾರದ ಪ್ರವಚನ ಬರೆಯುವುದಿದೆ, ನೀನೇ ಹೋಗಿ ಹೇಳಿ ಬಾ ಎಂದು ನಿನ್ನನ್ನು ಕಳಿಸಿದೆ. ನೀನು ಹೋದೆ. ಎರಡು ಗಂಟೆಯ ಮೇಲೆ ಮೊಣಕಾಲಿನವರೆಗೆ ಹಿಮ ಮೆತ್ತಿಕೊಂಡು ಬಂದೆ. ಮಾತು ಮುಗಿದ ಮೇಲೆ ಅವನೊಡನೆ ಸ್ಮಶಾನದ ದಾರಿಯ ಹಿಮವನ್ನೆಲ್ಲ ಗೋರಿದ್ದೆಯಂತೆ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಆ ವಸಂತದಲ್ಲೇ ಈ ಕಸುಬನ್ನು ಕಲಿಯಲು ಹೆಸರು ನೋಂದಾಯಿಸಿದೆ.

ಇದನ್ನೆಲ್ಲ ಬೋಡಿಲ್‌ಗೆ ಹೇಳಿ, ‘ಕೆಲಸ ನನ್ನದಾಗಿತ್ತು, ಧೈರ್ಯ ಅವಳದು. ನನಗೆ ಹೆದರಿಕೆ ಆಗಿತ್ತು’ ಎಂದೆ. ಹನ್ನೊಂದು ವರ್ಷ ದೇವರಿಗೂ ಸುತ್ತುಬಳಸಿ ಹೇಳಿದ್ದನ್ನು, ಮುಖ ಕಾಣದ ಹೆಂಗಸಿಗೆ ಅಡುಗೆಮನೆಯಲ್ಲಿ ನಿಂತು ನೇರವಾಗಿ ಹೇಳಿದೆ.

ಅಲ್ಲಿಗೇ ನಿಲ್ಲಿಸಬೇಕಿತ್ತು. ನಿನ್ನ ಕೊರತೆ ಏನಾದರೂ ಇದೆಯೇ ಎಂದಾಗ, ‘ಕೆಲಸದಿಂದ ತೆಗೆದ ಮೇಲೂ ಅವಳು ಜನರನ್ನ ಬಿಡಲ್ಲ. ಮನೆಗೆ ಹೋಗ್ತಾಳೆ, ಅರ್ಜಿ ಬರ್ಕೊಡ್ತಾಳೆ. ನಿಮ್ಮಂಥವರಿಗೆ ಅದು ಸಮಯ ಹಾಳು ಅನ್ನಿಸ್ಬಹುದು’ ಎಂದುಬಿಟ್ಟೆ. ಆಚೆ ಕಡೆ ಬಹಳ ಹೊತ್ತು ಟೈಪು ಮಾಡುವ ಸದ್ದಷ್ಟೇ ಕೇಳಿಸಿತು. ಅದೇ ನನ್ನ ನಿದ್ದೆ ಕೆಡಿಸಿದೆ.

ಕಡೆಯ ಪ್ರಶ್ನೆ, ನಿನ್ನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವೆನೇ ಎಂದು. ನಮ್ಮ ಉತ್ತರದವರ ರೂಢಿಯಂತೆ ಉಸಿರನ್ನು ಒಳಗೆಳೆದು ಹೌದೆಂದೆ.

‘ಹಲೋ? ಇದ್ದೀರಾ?’

‘ಹೌದು ಅಂದೆನಲ್ಲ!’

‘ಕೇಳಿಸ್ಲಿಲ್ವಲ್ಲ.’

‘ಉಸಿರಲ್ಲಿ ಅಂದೆ. ನಮ್ಮ ಕಡೆ ಹಾಗೇನೇ.’

‘ಅಯ್ಯೋ ದೇವರೇ, ಅದನ್ನ ಹೇಗೆ ಬರ್ಕೊಳ್ಲಿ?’ ಎಂದಳು. ನಗುತ್ತಿದ್ದಳೋ ಬೇಸತ್ತಿದ್ದಳೋ ತಿಳಿಯಲಿಲ್ಲ.

ಇಷ್ಟು ನಡೆದದ್ದು. ಇದರಲ್ಲಿ ನಿನಗೆ ಕೇಡು ಮಾಡಿದ್ದರೆ ಕ್ಷಮಿಸು. ಆದರೆ ಸುಳ್ಳು ಹೇಳಿ ಒಳಿತು ಮಾಡಲು ನನಗೆ ಬರಲಿಲ್ಲ. ಪತ್ರವನ್ನು ಈಗಲೇ ಅಂಟಿಸುವುದಿಲ್ಲ. ನಾಳೆ ಹತ್ತರ ಬಸ್ಸಿನಲ್ಲಿ ಒಂದು ಕಡೆಗೆ ಹೋಗುವುದಿದೆ. ಹೋಗಬೇಕಾದ ದಿನ ಎಂದೋ ಕಳೆದಿದೆ. ದಾರಿ ಮಾತ್ರ ಅದೇ ಇದೆ.

ನಿನ್ನ ಹೆಸರನ್ನು ಪ್ರತಿಸಂಜೆ ಪ್ರಾರ್ಥನೆಯಲ್ಲಿ ನೆನೆಯುವ,
ಗುನ್ವೋರ್

ಮತ್ತೆ ಸೇರಿಸಿದ್ದು, ಗುರುವಾರ ಮಧ್ಯಾಹ್ನ:

ಎವರ್ಟ್‌ನ ಮನೆಗೆ ಹೋಗಿ ಬಂದೆ. ಬಾಗಿಲು ತೆರೆದವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಈ ಸಲ ನೀವೇ ಬಂದ್ರಾ?’ ಎಂದ. ಒಳಗೆ ಕರೆದು ಗುರುವಾರದ ವಾಡಿಕೆಯ ಬಟಾಣಿ ಸೂಪಿಗೆ ಕೂರಿಸಿದ. ನಿನ್ನ ಎರಡನೆಯ ಸಾಕ್ಷಿ ಯಾರೆಂಬ ನನ್ನ ಕುತೂಹಲ ಅಲ್ಲಿ ತೀರಿತು. ನೀನು ಕೆಲಸದಿಂದ ತೆಗೆದವನ ಹೆಸರನ್ನೇ ನಿನ್ನ ಪರವಾಗಿ ಕೊಟ್ಟಿದ್ದೆ!

‘ಅವಳೇ ಅಲ್ವಾ ನನಗೆ ಈಜುಕೊಳದ ಕೆಲ್ಸ ಹುಡುಕ್ಕೊಟ್ಟಿದ್ದು? ಅದನ್ನೆಲ್ಲ ಹೇಳ್ದೆ. ಅವತ್ತು ಅವಳನ್ನ ಯಾರು ಕಳಿಸಿದ್ರು ಅಂತಾನೂ ಕೇಳಿದ್ರು. ನೆನಪಿಲ್ಲ ಅಂದೆ’ ಎಂದ. ನಾನೇ ಎಲ್ಲ ಹೇಳಿಬಿಟ್ಟಿದ್ದೇನೆ ಎಂದಾಗ ಚಮಚ ಕೆಳಗಿಟ್ಟು, ‘ಪಾದ್ರಮ್ಮ, ನಿಮ್ಮ ಮಾನ ಉಳಿಸೋಕೆ ಹೋಗಿ ನಾನು ಸುಳ್ಳ ಆದ್ನಲ್ರೀ!’ ಎಂದು ಕಣ್ಣಲ್ಲಿ ನೀರು ಬರುವಂತೆ ನಕ್ಕ.

ಆಗಲೇ ಅವನಿಗೆ ನಿನ್ನ ಫೋನ್ ಬಂತು. ಸೋಮವಾರದಿಂದಲೇ ಬರಹೇಳಿದ್ದಾರೆ ಎಂದು ನೀನು ಅಳುತ್ತ ಕೂಗಿದ್ದು ಮೇಜಿನ ಈಚೆ ಕೂತಿದ್ದ ನನಗೂ ಕೇಳಿಸಿತು. ಸಂಜೆ ನನಗೆ ತಿಳಿಸುವಾಗ ನಾನು ಆಶ್ಚರ್ಯವನ್ನು ನಟಿಸಲಾರೆ, ಬೇಸರಿಸಬೇಡ.

ಹೊರಡುವ ಮೊದಲು ಅವನಿಗೆ ಹೇಳಿದೆ: ಅಂದು ನಾನೇ ಬರಬೇಕಿತ್ತು, ಆದರೆ ಆ ಶವಸಂಸ್ಕಾರದ ಪ್ರವಚನ ಬರೆಯುವುದಿತ್ತು ಎಂದು. ಅಷ್ಟು ವರ್ಷದ ಅಭ್ಯಾಸ, ನಾಲಿಗೆಗೆ ತಾನಾಗಿ ಬಂತು.

‘ಆ ವಾರ ಊರಲ್ಲಿ ಯಾರೂ ಸತ್ತಿರ್ಲಿಲ್ಲ, ಪಾದ್ರಮ್ಮ’ ಎಂದ ಎವರ್ಟ್. ‘ಗುಂಡಿ ತೋಡೋನು ನಾನೇ ತಾನೆ?’

ಎಂದು ನನ್ನ ತಟ್ಟೆಗೆ ಇನ್ನೊಂದು ಸೌಟು ಸೂಪು ಬಡಿಸಿದ.