ಬಿಡಿಸಿ ಹೇಳಿದ ಸ್ತುತಿ

ಹೆಶ್ವಾನ್ ಮಾಸ, ಹನ್ನೆರಡು, ಜೆರುಸಲೇಮ್

ಇಡೀ ದಿನ ಒಂದೇ ಚಿಂತೆ. ಆಪರೇಷನ್ ಆದ ಮೇಲೆ ಹಾಕಿದ್ದ ನಳಿಕೆಯನ್ನು ಬೆಳಿಗ್ಗೆ ತೆಗೆದರು. ಯಜಮಾನರಿಗೆ ಮೂತ್ರವೇ ಬರಲಿಲ್ಲ. ಸಂಜೆಯೊಳಗೆ ಬರದಿದ್ದರೆ ಮತ್ತೆ ನಳಿಕೆಯಂತೆ.

"ದೇವರನ್ನ ನಂಬು, ಹನೋಕ್," ಎಂದರು ಪಕ್ಕದ ಮಂಚದ ಮುದುಕ ಶ್ರಾಗಾ ಇವರಿಗೆ.

"ನಂಬ್ಕೊಂಡೇ ಇದೀನಪ್ಪ. ಸ್ವಲ್ಪ ಬೇಗ ಅಂತ ಅವನಿಗೂ ಹೇಳು."

ನಮ್ಮ ಯೆಹೂದಿಗಳಲ್ಲಿ ಶೌಚಕ್ಕೆ ಹೋಗಿಬಂದು ಕೈ ತೊಳೆದು ಹೇಳುವ ಸ್ತುತಿಯನ್ನು ಈ ಮನುಷ್ಯ ನಲವತ್ತು ವರ್ಷ ಟವೆಲ್ಲಿನೊಳಗೇ ಗೊಣಗಿ ಮುಗಿಸಿದ್ದಾರೆ. ಕೇಳಿದವರು ಅನ್ನಬೇಕಾದ ಆಮೆನ್ ಅನ್ನಲೂ ನನಗೆ ಸಿಕ್ಕಿದ್ದಿಲ್ಲ.

ನಾಲ್ಕು ಗಂಟೆಗೆ ಶೌಚಾಲಯದಿಂದ ಹಗುರಾಗಿ ಬಂದರು. ಕೈ ತೊಳೆದು, ಗೋಡೆ ಹಿಡಿದು ನಿಂತು, ಒಂದೊಂದೇ ಮಾತು ಬಿಡಿಸಿ ಹೇಳಿದರು: ನಮ್ಮೊಳಗೆ ದ್ವಾರಗಳನ್ನಿಟ್ಟವನೇ, ಅವುಗಳಲ್ಲೊಂದು ಮುಚ್ಚಿದರೂ ನಾವು ನಿನ್ನೆದುರು ನಿಲ್ಲಲಾರೆವು. ನರ್ಸೂ ಸೇರಿ ಇಡೀ ವಾರ್ಡು ಆಮೆನ್ ಎಂದಿತು.

"ಅಳ್ತಿದೀಯಾ?"

"ಇಲ್ಲ ರೀ. ನಿಮಗೆ ಅದು ಪೂರ್ತಿ ಬರತ್ತೆ ಅಂತ ಇವತ್ತೇ ಗೊತ್ತಾಗಿದ್ದು."

ಮನೆಗೆ ಬಂದು ನಾನೂ ಶೌಚಕ್ಕೆ ಹೋದೆ. ಕೈ ತೊಳೆದು, ಸ್ತುತಿ ಶುರುಮಾಡಿ, ಅಭ್ಯಾಸದಂತೆ ಒಲೆಯತ್ತ ನಡೆದೇಬಿಟ್ಟಿದ್ದೆ. ನಾಚಿಕೆಯಾಯಿತು. ಹಿಂದೆ ಬಂದು, ನಿಂತು, ಮೊದಲಿನಿಂದ ಬಿಡಿಸಿ ಹೇಳಿದೆ. ಮನೆಯಲ್ಲಿ ಯಾರೂ ಇಲ್ಲ. ಆಮೆನ್ ಅನ್ನುವವರು ನಾಳೆ ಆಸ್ಪತ್ರೆಯಿಂದ ಬರುತ್ತಾರೆ.