ಕೊಟ್ಟಿಗೆಯ ಒಲೆ

ಕ್ಯಾಲನೂರು
೭ ಡಿಸೆಂಬರ್ ೨೦೨೫

ಚಿ. ಸೌ. ಸುನಂದಳಿಗೆ ನಿನ್ನಕ್ಕ ಮಾಡುವ ಆಶೀರ್ವಾದಗಳು.

ದೀಪಾವಳಿಗೂ ಒಂದು ಮಾತಾಡಲಿಲ್ಲವೆಂದು ಮುನಿಸಿಕೊಂಡಿರುತ್ತೀಯ. ಕ್ಷಮಿಸು. ಫೋನಿನಲ್ಲಿ ಮಾತಾಡಿದರೆ ಗೋಡೆಯಾಚೆ ಸೊಸೆಗೆ ಕೇಳುತ್ತದೆ, ಅದಕ್ಕೇ ಈ ಕಾಗದ.

ನಾನೀಗ ಕೊಟ್ಟಿಗೆಯಲ್ಲಿ ಅಡುಗೆ ಮಾಡಿಕೊಳ್ಳುತ್ತಿದ್ದೇನೆ. ಗಾಬರಿಯಾಗಬೇಡ, ಯಾರೂ ಹೊರಗೆ ಹಾಕಿಲ್ಲ. ಸರ್ಕಾರ ಮನೆಯೊಡತಿಗೆ ತಿಂಗಳಿಗೆ ಕೊಡುವ ಎರಡು ಸಾವಿರ ಒಂದು ರೇಷನ್ ಕಾರ್ಡಿಗೆ ಒಬ್ಬಳಿಗೇ. ಅದು ನನ್ನ ಹೆಸರಿಗೆ ಬರುತ್ತಿತ್ತು, ಸೊಸೆ ಮುನಿಲಕ್ಷ್ಮಿಯ ಕೈ ಬರಿದು. ಪಾಪ, ಅವಳಿಗೂ ಆಸೆಯಿರುವುದಿಲ್ಲವೇ? ಮಗ ಭೀಮರಾಜ ಕೋಲಾರಕ್ಕೆ ಹೋಗಿ ವಿಚಾರಿಸಿಕೊಂಡು ಬಂದ. "ಕಾರ್ಡ್ ಬೇರೆ ಮಾಡಿಸ್ಬೇಕು ಅಂದ್ರೆ ಒಲೆ ಬೇರೆ ಇರ್ಬೇಕಂತಮ್ಮ. ನೋಡಕ್ಕೆ ಬರ್ತಾರಂತೆ. ನಾಲ್ಕು ದಿನದ ನಾಟ್ಕ ಅಷ್ಟೆ" ಅಂದ. ಮುನಿಲಕ್ಷ್ಮಿಯೇ ನಗುನಗುತ್ತಾ ಮಣ್ಣು ಕಲಸಿ ಒಲೆ ಹಾಕಿಕೊಟ್ಟಳು.

ಬಂದರು, ನೋಡಿದರು, ಬರೆದುಕೊಂಡು ಹೋದರು. ಈಗ ಇಬ್ಬರಿಗೂ ಬರುತ್ತಿದೆ. ಹೊಸ ಕಾರ್ಡು ಕೈಗೆ ಬಂದ ದಿನವೇ ಪಾತ್ರೆಪಡಗ ಎತ್ತಿಕೊಂಡು ಒಳಗೆ ಹೊರಟೆ. ಭೀಮರಾಜ ಅಡ್ಡ ಬಂದ. "ಮತ್ತೆ ಬಂದು ನೋಡಿದ್ರೆ ಇಬ್ರದೂ ನಿಂತೋಗ್ತದೆ. ಇನ್ ಸ್ವಲ್ಪ ದಿನ ಇರಮ್ಮ." ಆ ಸ್ವಲ್ಪ ದಿನ ದೀಪಾವಳಿಯನ್ನೂ ದಾಟಿತು. ಎದುರುಮನೆ ಆದಿಲಕ್ಷ್ಮಮ್ಮ, "ಏನಕ್ಕ, ಭಾಗ ಆದ್ರಾ?" ಅನ್ನುತ್ತಾಳೆ. ಮೊದಮೊದಲು ನಕ್ಕುಬಿಡುತ್ತಿದ್ದೆ. ಈಗ ನಗು ಬರುವುದಿಲ್ಲ.

ಸರ್ಕಾರ ಕೊಡುವುದು ತಪ್ಪೆನ್ನಲಾರೆ ಕಣೇ. ನನ್ನ ಬಿಪಿ ಮಾತ್ರೆಗೆ ಮಗನ ಮುಂದೆ ಕೈಚಾಚದೆ ಇರುವುದು ಆ ದುಡ್ಡಿನಿಂದಲೇ. ಆದರೆ ಸೋಪು ಕೊಳ್ಳುವಾಗ ತೆರಿಗೆ ಕಿತ್ತುಕೊಳ್ಳುವವರು ನೀನು ಯಾರ ಮನೆಯವಳೆಂದು ಕೇಳುವುದಿಲ್ಲ. ಕೊಡುವಾಗ ಮಾತ್ರ ಒಲೆ ಎಣಿಸುತ್ತಾರೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುವುದು ಗಾದೆಯಲ್ಲೇ ಇರಲಿ. ಹೆಂಗಸರ ತಲೆ ಎಣಿಸಿ ಒಬ್ಬೊಬ್ಬಳಿಗೂ ಸಾವಿರದಂತೆ ಕೊಟ್ಟಿದ್ದರೂ ಸಾಕಿತ್ತು, ಒಟ್ಟಿಗೇ ಇರುತ್ತಿದ್ದೆವು. ನನ್ನೊಬ್ಬಳಿಗೇ ಅಂತ ಒಂದು ಮುದ್ದೆ ತಿರುವುವುದು ಎಷ್ಟು ಸಂಕಟ ಗೊತ್ತೇನೇ?

ನಿನ್ನ ಯಜಮಾನರ ಮಂಡಿನೋವು ಹೇಗಿದೆ? ಎಣ್ಣೆ ತಿಕ್ಕುವುದು ಬಿಡಬೇಡ. ದೇವರು ನಿಮ್ಮೆಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಉಣ್ಣುವ ಹಾಗೆ ಇಟ್ಟಿರಲಿ.

ಇಂತಿ ನಿನ್ನ ಅಕ್ಕ,
ಅಶ್ವತ್ಥಮ್ಮ

ತಾ.ಕ.: ಮೊನ್ನೆ ಅವರೆಕಾಳಿನ ಸಾರು ಮಾಡಿದ್ದೆ. ಮೊಮ್ಮಗಳು ಧನಶ್ರೀಗೆ ಇಷ್ಟವೆಂದು ಒಂದು ಬಟ್ಟಲು ಒಳಗೆ ಕೊಟ್ಟುಬಂದೆ. ಸಂಜೆ ಮುನಿಲಕ್ಷ್ಮಿ ಬಟ್ಟಲು ತೊಳೆದು, ಒಂದು ಹಿಡಿ ಸಕ್ಕರೆ ಹಾಕಿ ತಂದುಕೊಟ್ಟಳು. "ಬರೀ ಬಟ್ಲು ಕೊಡಬಾರದಲ್ಲ ಅತ್ತೆ" ಅಂದಳು. ನಗುಮುಖದಿಂದಲೇ ಅಂದಳು. ಬೇರೆ ಮನೆಯವರ ಬಟ್ಟಲನ್ನಲ್ಲವೇನೇ ಸುನಂದ, ನಾವು ಹಾಗೆ ತುಂಬಿ ಕೊಡುವುದು?